ಸೋಸಿದ ನೀರು, ಉಳಿದ ಉಪ್ಪು

ಪ್ರಾತಃಕಾಲದಲ್ಲಿ ಇಷ್ಟಲಿಂಗದ ಮಜ್ಜನಕ್ಕೆಂದು ಅಗ್ಘವಣಿ ತರುವ ಸದ್ಭಕ್ತನು ಆ ನೀರನ್ನು ಶುಭ್ರವಾದ ಬಟ್ಟೆಯಲ್ಲಿ ಸೋಸಿಕೊಳ್ಳುವುದು ನಮ್ಮ ಹಿರಿಯರು ಕಲಿಸಿಕೊಟ್ಟ ಪದ್ಧತಿ. ಮಠದಲ್ಲಿ ವಿದ್ಯಾರ್ಥಿಗಳಾಗಿದ್ದಾಗ ನಾವೂ ನಸುಕಿನಲ್ಲಿ ಎದ್ದು, ಬಾವಿಯಿಂದ ಸೇದಿದ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ಕೊಡಗಳಿಗೆ ತುಂಬುತ್ತಿದ್ದೆವು. ಕಸಕಡ್ಡಿ, ಹುಳುಹುಪ್ಪಟೆ ಬಟ್ಟೆಯ ಮೇಲೆ ನಿಲ್ಲುತ್ತಿದ್ದವು, ತಿಳಿನೀರು ಕೆಳಗಿಳಿಯುತ್ತಿತ್ತು. ನೀರನ್ನು ಶುದ್ಧಿಗೊಳಿಸುವ ಆ ಬಟ್ಟೆಯೇ ತಾನು ಸಿದ್ಧವಾಗುವಾಗ ಎಷ್ಟು ನೀರನ್ನು ಕೆಡಿಸಿ ಬಂದಿರಬಹುದೆಂಬ ವಿಚಾರ ಅಂದು ನಮ್ಮ ತಲೆಗೆ ಹೊಳೆದಿರಲಿಲ್ಲ. ಅರವತ್ತು ದಾಟಿದ ಮೇಲೆ ಹೊಳೆಯಿತು. ಅದಕ್ಕೆ ಕಾರಣರಾದವರು ಒಬ್ಬ ತಂದೆ ಹಾಗೂ ಅವರ ಮಗ.

ಬಾಗಲಕೋಟೆ ಜಿಲ್ಲೆಯ ಊರೊಂದರ ನೇಕಾರ ಭಕ್ತರ ಮನೆತನವದು. ಹಳ್ಳದ ದಂಡೆಗೆ ಮೂರೆಕರೆ ಹೊಲವಿದೆ, ಅದರಲ್ಲೊಂದು ಬಾವಿಯಿದೆ. ನೂಲಿಗೆ ಬಣ್ಣ ಹಾಕುವ ಹಾಗೂ ಸಿದ್ಧ ಉಡುಪು ತೊಳೆಯುವ ಕಾರ್ಖಾನೆ ಇಡುತ್ತೇವೆಂದು ನಗರದವರೊಬ್ಬರು ಆ ಹೊಲವನ್ನು ಹತ್ತು ವರ್ಷದ ಗುತ್ತಿಗೆಗೆ ಕೇಳಿದ್ದರು. ಮನೆಯಲ್ಲಿ ಸಾಲವಿತ್ತು, ಮಗಳ ಮದುವೆ ಹತ್ತಿರ ಬಂದಿತ್ತು. ಮಗನಿಗೆ ಕೊಡಬೇಕೆಂಬ ಆಸೆ, ತಂದೆಗೆ ಅಳುಕು. ಶಿವರಾತ್ರಿಯ ಮರುದಿನ ಇಬ್ಬರೂ ನಮ್ಮಲ್ಲಿಗೆ ಬಂದರು.

“ಅಜ್ಜಾರ, ಹಳ್ಳಕ್ಕ ಒಂದ್ ಹನಿ ಹೊಲಸ್ ನೀರ ಬಿಡೂದಿಲ್ಲಂತ ಹೇಳ್ತಾರ. ಇದು ಖರೇ ಇರತೈತೇನ್ರಿ?” ಎಂದರು ತಂದೆ.

“ಆರ್.ಓ. ಮಷೀನ್ ಕುಂಡ್ರಸ್ತಾರ್ರಿ ಅಜ್ಜಾರ. ಊರಾಗ ಕುಡಿಯೂ ನೀರಿಗೆ ಐತಲ್ರೀ, ಅಂಥಾದ್ದರ ದೊಡ್ಡದು. ಅಪ್ಪಗ ತಿಳಿಯಂಗಿಲ್ಲ” ಎಂದನು ಮಗ.

ವ್ಯಾಕರಣ ಹಾಗೂ ವಚನಗಳನ್ನು ಓದಿಕೊಂಡ ನಮಗಾದರೂ ಏನು ತಿಳಿದೀತು? ಆದರೆ ತಿಳಿಯದೆಂದು ಕೈಚೆಲ್ಲಿ ಕಳುಹಿಸುವುದೂ ಸರಿಯಲ್ಲ. ಗುತ್ತಿಗೆಯ ಕಾಗದಕ್ಕೆ ಸಹಿ ಹಾಕುವುದನ್ನು ಎರಡು ತಿಂಗಳು ತಡೆಯಿರೆಂದು ಹೇಳಿ, ಈ ವಿಷಯವನ್ನು ನಾವೇ ಕಂಡು ಕೇಳಿ ಬರಲು ಹೊರಟೆವು.

ನೊಯ್ಯಲ್ ನದಿಯ ವೃತ್ತಾಂತ

ಕೊಯಮತ್ತೂರಿನ ಬಳಿಯ ಪೇರೂರಿನಲ್ಲಿ ಶಾಂತಲಿಂಗ ಸ್ವಾಮಿಗಳ ಪರಂಪರೆಯ ವೀರಶೈವ ಮಠವಿದೆ. ಕನ್ನಡ ನಾಡಿನಿಂದ ಬಂದ ಕುಮಾರದೇವರು ಆ ಸ್ವಾಮಿಗಳ ಶಿಷ್ಯರಾದರೆಂಬುದು ಪರಂಪರೆಯ ಮಾತು. ಅಲ್ಲಿಯ ದರ್ಶನ ಮುಗಿಸಿಕೊಂಡು ನೊಯ್ಯಲ್ ನದಿಯ ದಂಡೆ ಹಿಡಿದು ಪೂರ್ವಕ್ಕೆ ನಡೆದೆವು. ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ಈ ನದಿ ಕೊಯಮತ್ತೂರು, ತಿರುಪ್ಪೂರುಗಳನ್ನು ಹಾಯ್ದು, 150 ಕಿಲೋಮೀಟರಿಗೂ ಹೆಚ್ಚು ದೂರ ಹರಿದು, ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯನ್ನೇ ಕೂಡುತ್ತದೆ. ಆ ಸೀಮೆಯ ದೇವಾಂಗ ನೇಕಾರರಲ್ಲಿ ಅನೇಕರು ಇಂದಿಗೂ ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ.

ತಿರುಪ್ಪೂರಿನ ಬನಿಯನ್ನು ತೊಡದ ಮನೆ ನಮ್ಮಲ್ಲಿ ಇರಲಾರದು. ಹೆಣೆದ ಬಟ್ಟೆಯನ್ನು ದೇಶ ವಿದೇಶಗಳಿಗೆ ಕಳುಹಿಸುವ ಈ ಪಟ್ಟಣದಲ್ಲಿ ಲಕ್ಷಾಂತರ ಜನ ಹೊಟ್ಟೆ ಹೊರೆಯುತ್ತಾರೆ. ಬಣ್ಣದ ಮನೆಗಳ ನೀರು ಬಹುಕಾಲ ನೇರವಾಗಿ ನೊಯ್ಯಲಿಗೆ ಸೇರುತ್ತಿತ್ತು. ಕೆಳಭಾಗದಲ್ಲಿ ರೈತರ ನೀರಾವರಿಗೆಂದು 1990ರ ದಶಕದ ಆರಂಭದಲ್ಲಿ ಒರತ್ತುಪಾಳಯಂ ಎಂಬಲ್ಲಿ ಅಣೆಕಟ್ಟು ಕಟ್ಟಿದರು. ಆದರೆ ಅದರಲ್ಲಿ ತುಂಬಿದ್ದು ಬಣ್ಣದ ನೀರು. ರೈತರಿಗಾಗಿ ಕಟ್ಟಿದ ಕೆರೆಯ ನೀರನ್ನೇ ಹೊಲಕ್ಕೆ ಬಿಡಬೇಡಿರೆಂದು ರೈತರೇ ಬೇಡಿಕೊಳ್ಳುವ ಕಾಲ ಬಂದಿತು!

ಅಣೆಕಟ್ಟಿನ ಕೆಳಗಿನ ಹಳ್ಳಿಯ ವೃದ್ಧ ರೈತರೊಬ್ಬರ ಅಂಗಳದಲ್ಲಿ ನಾವು ಒಂದು ಗಳಿಗೆ ಕುಳಿತೆವು. ತಾಳವಾಡಿ ಕಡೆಯ ಲಿಂಗವಂತ ಮನೆತನದ, ತಿರುಪ್ಪೂರಿನ ಬಣ್ಣದ ಮನೆಯಲ್ಲಿ ದುಡಿಯುವ ಗೃಹಸ್ಥರೊಬ್ಬರು ಅವರ ತಮಿಳನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಬಾವಿಯ ನೀರು ಕಣ್ಣಿಗೆ ತಿಳಿಯಾಗಿಯೇ ಇದ್ದಿತಂತೆ. ಆದರೆ ದನಗಳು ಮೂಸಿ ಮುಖ ತಿರುಗಿಸುತ್ತಿದ್ದವಂತೆ. ತೆಂಗಿನ ಗರಿ ತುದಿಯಿಂದ ಒಣಗುತ್ತಾ ಬಂದಿತು, ಅರಿಸಿನ ಬೆಳೆ ನಿಂತುಹೋಯಿತು. “ಅಯ್ಯಾ, ನೀರಿದ್ದೂ ಬರ ಬಂದಿತು” ಎಂದು ಆ ವೃದ್ಧರು ಹೇಳಿದ ಮಾತನ್ನು ನಾವು ಬರೆದುಕೊಂಡೆವು.

ನಮ್ಮ ಓದುಗರು ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ತಿರುಪ್ಪೂರಿನವರು ಏನೂ ಮಾಡದೆ ಕುಳಿತಿರಲಿಲ್ಲ. 1990ರ ದಶಕದ ಕೊನೆಯ ವೇಳೆಗೆ ಹಲವು ಬಣ್ಣದ ಮನೆಗಳು ಒಟ್ಟುಗೂಡಿ ಸಾಮೂಹಿಕ ಶುದ್ಧೀಕರಣ ಘಟಕಗಳನ್ನು ಕಟ್ಟಿಕೊಂಡಿದ್ದವು. ಸುಣ್ಣ ಮತ್ತು ಅನ್ನಭೇದಿ ಬೆರೆಸಿ ಬಣ್ಣವನ್ನು ಕೆಳಗಿಳಿಸುತ್ತಿದ್ದವು. ನೀರು ಬಹುಮಟ್ಟಿಗೆ ತಿಳಿಯಾಗುತ್ತಿತ್ತು. ಆದರೆ ಕರಗಿದ ಉಪ್ಪು ಹಾಗೆಯೇ ಉಳಿಯುತ್ತಿತ್ತು. ಕಣ್ಣಿಗೆ ಕಾಣುವ ದೋಷ ಹೋಗಿ, ಕಾಣದ ದೋಷ ನದಿಗೆ ಇಳಿಯಿತು. ತೆಂಗನ್ನು ಒಣಗಿಸಿದ್ದು ಮುಖ್ಯವಾಗಿ ಆ ಕಾಣದ ಉಪ್ಪು.

ಕೊನೆಗೆ ಆಯಕಟ್ಟಿನ ರೈತರ ಸಂಘವು ಮದರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 2006ರ ಡಿಸೆಂಬರಿನಲ್ಲಿ ನ್ಯಾಯಾಲಯವು ಒಂದು ಹನಿಯನ್ನೂ ಹೊರಗೆ ಬಿಡದ ವ್ಯವಸ್ಥೆಯಾಗಬೇಕೆಂದು ವಿಧಿಸಿತು. ಅಲ್ಲಿಯವರೆಗೆ ಬಿಡುವ ಪ್ರತಿ ಲೀಟರಿಗೆ 6 ಪೈಸೆಯಿಂದ ಆರಂಭಿಸಿ 10 ಪೈಸೆಗೆ ಏರುವ ದಂಡವನ್ನು ಹೇರಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೂ ಆದೇಶ ಪಾಲನೆಯಾಗದಿರಲು, 2011ರ ಜನವರಿಯಲ್ಲಿ ಬಣ್ಣದ ಹಾಗೂ ಬಿಳುಪಿನ ಏಳುನೂರಕ್ಕೂ ಹೆಚ್ಚು ಘಟಕಗಳನ್ನು ಒಮ್ಮೆಲೇ ಮುಚ್ಚಿಸಲಾಯಿತು.

ನಮಗೆ ದುಭಾಷಿಯಾಗಿದ್ದ ಗೃಹಸ್ಥರಿಗೆ ಆಗ ಇಪ್ಪತ್ತೈದರ ಪ್ರಾಯ. “ಬುದ್ಧೀ, ಆಗ ಕೆಲ್ಸ ಇಲ್ದೆ ಊರಿಗ್ ಹೋಗ್ಬುಟ್ಟೆ. ಆ ವರ್ಸ ಅವ್ವನ ಓಲೆ ಮಾರುದ್ವಿ” ಎಂದರು. ರೈತರ ಎದುರಿನಲ್ಲಿಯೇ ಅವರು ಈ ಮಾತನ್ನು ಆಡಿದರು. ವೃದ್ಧರು ತಲೆಯಾಡಿಸಿದರು. ಒಬ್ಬರ ಕಾಯಕವನ್ನು ಇನ್ನೊಬ್ಬರ ಕಾಯಕ ನುಂಗಿದಾಗ ಶರಣ ಮಾರ್ಗದವರು ಯಾರ ಪಕ್ಷ ವಹಿಸಬೇಕು? ನೇಯ್ದವರು, ಬಟ್ಟೆ ಮಡಿ ಮಾಡಿದವರು, ಉತ್ತು ಬಿತ್ತಿದವರು ಎಲ್ಲರೂ ಅನುಭವ ಮಂಟಪದಲ್ಲಿ ಸಮಾನರಾಗಿ ಕುಳಿತಿದ್ದವರೇ. ಆ ಅಂಗಳದಲ್ಲಿ ನಮಗೆ ಉತ್ತರ ಹೊಳೆಯಲಿಲ್ಲ. ಹೊಳೆಯಿತೆಂದು ಈಗ ಹೇಳಿದರೆ ಸುಳ್ಳಾದೀತು.

ಪೊರೆ ಮಾಡುವ ಕೆಲಸ

ಬಣ್ಣದ ನೀರಿನಲ್ಲಿ ಉಪ್ಪು ಎಲ್ಲಿಂದ ಬಂದಿತೆಂಬುದನ್ನು ಮೊದಲು ತಿಳಿಯಬೇಕು. ಹತ್ತಿಗೆ ಇಂದು ಹೆಚ್ಚಾಗಿ ಬಳಸುವುದು ರಿಯಾಕ್ಟಿವ್ ಎಂಬ ಜಾತಿಯ ಬಣ್ಣ. 1956ರಲ್ಲಿ ಇಂಗ್ಲೆಂಡಿನಿಂದ ಮಾರುಕಟ್ಟೆಗೆ ಬಂದ ಈ ಬಣ್ಣ ನೂಲಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದರಿಂದ ಒಗೆದರೂ ಬಿಡದು. ಆದರೆ ನೀರಿನಲ್ಲಿ ನೆನೆದ ಹತ್ತಿಯದೂ ಋಣ ವಿದ್ಯುದಂಶ, ಬಣ್ಣದ್ದೂ ಋಣ ವಿದ್ಯುದಂಶ. ಅಯಸ್ಕಾಂತದ ಸಮಧ್ರುವಗಳಂತೆ ಒಂದನ್ನೊಂದು ದೂಡುತ್ತವೆ. ಆ ದೂಡುವಿಕೆಯನ್ನು ತಗ್ಗಿಸಲು ಅಡುಗೆ ಉಪ್ಪನ್ನೋ ಗ್ಲಾಬರ್ ಉಪ್ಪನ್ನೋ ಧಾರಾಳವಾಗಿ ಹಾಕುತ್ತಾರೆ. ಕಡು ಬಣ್ಣಕ್ಕೆ ಲೀಟರು ನೀರಿಗೆ 60 ಗ್ರಾಂ ಹಾಕಿ, ಕಿಲೋ ಬಟ್ಟೆಗೆ 8 ಲೀಟರು ನೀರು ಹಿಡಿದರೆ ಉಪ್ಪೇ 480 ಗ್ರಾಂ ಆಯಿತು. ಅಂದರೆ ಒಂದು ಕಿಲೋ ಬಟ್ಟೆಗೆ ಅರ್ಧ ಕಿಲೋ ಉಪ್ಪು. ಇದರಲ್ಲಿ ಬಟ್ಟೆಗೆ ಹತ್ತುವುದು ಏನೂ ಇಲ್ಲ, ಸಮಸ್ತವೂ ನೀರಿನೊಡನೆ ಹೊರಬರುತ್ತದೆ. ಬಣ್ಣದಲ್ಲಿಯೂ ಒಂದಂಶ ನೂಲಿಗೆ ಹತ್ತದೆ ಉಳಿಯುತ್ತದೆ. ಹಿಂದಿನ ನೀಲಿ, ಮಂಜಿಷ್ಠದ ಕಾಲದಲ್ಲಿ ಎಲ್ಲವೂ ನಿರ್ಮಲವಾಗಿತ್ತೆಂಬ ಭ್ರಮೆಯೂ ಬೇಡ. ನೀಲಿಯ ತೊಟ್ಟಿಗಳ ನಾತವನ್ನು ಬಲ್ಲವರು ಬಲ್ಲರು.

ಎಲ್ಲ ಬಾರಿ ತೊಳೆದ ನೀರೂ ಕೂಡಿ ಘಟಕಕ್ಕೆ ಬರುವಾಗ ಲೀಟರಿಗೆ ಸುಮಾರು 6 ಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು ಲವಣ ಕರಗಿರುತ್ತದೆ. ಬೇರೆ ನೀರೇ ಸಿಗದಿದ್ದಾಗಲೂ ಕುಡಿಯುವ ನೀರಿನಲ್ಲಿ 2 ಗ್ರಾಂ ದಾಟಬಾರದೆಂಬುದು ಭಾರತೀಯ ಮಾನಕ. ಈ ಉಪ್ಪನ್ನು ಯಾವ ಬಟ್ಟೆಯೂ ಸೋಸದು, ಮರಳೂ ಹಿಡಿಯದು. ಇಲ್ಲಿಯೇ ಪೊರೆಗೆ ಕೆಲಸ.

ಉಪ್ಪಿನಕಾಯಿ ಹಾಕುವ ತಾಯಂದಿರಿಗೆ ಇದರ ಮೂಲತತ್ತ್ವ ಗೊತ್ತು. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವುದರೊಳಗೆ ಹೋಳಿನ ನೀರು ಹೊರಬಂದಿರುತ್ತದೆ. ಒಣದ್ರಾಕ್ಷಿಯನ್ನು ಬರಿಯ ನೀರಿನಲ್ಲಿ ನೆನೆಯಿಟ್ಟರೆ ನೀರು ಒಳಹೊಕ್ಕು ಉಬ್ಬುತ್ತದೆ. ನಡುವೆ ತೆಳ್ಳನೆಯ ಪೊರೆಯೊಂದಿದ್ದಾಗ ನೀರು ತಾನಾಗಿ ಸಾಂದ್ರತೆ ಕಡಿಮೆಯಿದ್ದ ಕಡೆಯಿಂದ ಹೆಚ್ಚಿದ್ದ ಕಡೆಗೆ ಹೋಗುತ್ತದೆ. ಇದು ಅಭಿಸರಣ. ಉಪ್ಪುನೀರಿನ ಕಡೆಯಿಂದ ಬಲವಾಗಿ ಒತ್ತಿದರೆ ಈ ಹರಿವು ಹಿಂದುಮುಂದಾಗಿ, ನೀರು ಮಾತ್ರ ಪೊರೆಯನ್ನು ದಾಟಿ ಉಪ್ಪು ಹಿಂದುಳಿಯುತ್ತದೆ. ಆರ್.ಓ. ಎಂದು ಊರೂರಿನಲ್ಲಿ ಕರೆಯುವುದು ಈ ಹಿಮ್ಮುಖ ಅಭಿಸರಣವನ್ನೇ. ತತ್ತ್ವ ಹಳೆಯದಾದರೂ, ಸಾಕಷ್ಟು ನೀರು ಕೊಡುವ ಪೊರೆ ದೊರೆತದ್ದು 1960ರ ಸುಮಾರಿಗೆ. ಅದನ್ನು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದಲ್ಲಿ ಸಾಧಿಸಿದ ಇಬ್ಬರಲ್ಲಿ ಒಬ್ಬರು ಲೋಬ್. ಇನ್ನೊಬ್ಬರು ನಮ್ಮ ದೇಶದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್.

ಘಟಕದಲ್ಲಿ ಇಂಜಿನಿಯರೊಬ್ಬರು ನಮಗೆ ಹಳೆಯ ಪೊರೆಯೊಂದನ್ನು ಬಿಚ್ಚಿ ತೋರಿಸಿದರು. ಎಂಟು ಅಂಗುಲ ದಪ್ಪ, ನಲವತ್ತು ಅಂಗುಲ ಉದ್ದದ ಸುರುಳಿ. ಹರವಿದರೆ ಸುಮಾರು 37 ಚದರ ಮೀಟರು, ಒಂದು ಪಡಸಾಲೆಗೆ ಹಾಸುವಷ್ಟು. ನಿಜವಾಗಿ ಉಪ್ಪನ್ನು ತಡೆಯುವ ಪದರದ ದಪ್ಪ ತಲೆಗೂದಲಿನ ನೂರರಲ್ಲೊಂದು ಪಾಲೂ ಇಲ್ಲ. ಇಷ್ಟು ಸೂಕ್ಷ್ಮವಾದದ್ದಕ್ಕೆ ಕೊಳೆನೀರನ್ನು ನೇರವಾಗಿ ಕೊಟ್ಟರೆ ಒಂದೇ ದಿನದಲ್ಲಿ ಕಟ್ಟಿಹೋದೀತು. ಆದಕಾರಣ ಮೊದಲು ನೀರನ್ನು ದೊಡ್ಡ ತೊಟ್ಟಿಯಲ್ಲಿ ಕೂಡಿಸಿ ಹದಗೊಳಿಸುತ್ತಾರೆ, ಬಳಿಕ ಗಾಳಿಯೂದಿ ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ತಿನ್ನಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ, ಗಡಸನ್ನು ತೆಗೆಯುತ್ತಾರೆ. ಅನಂತರ ಅಲ್ಟ್ರಾ ಶೋಧನೆಯೆಂಬ ಪೊರೆ ಬರುತ್ತದೆ. ಇದು ನಮ್ಮ ಅಗ್ಘವಣಿಯ ಬಟ್ಟೆಯ ಮರಿಮಗನೆನ್ನಬಹುದು. ರಂಧ್ರಗಳು ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟಿದ್ದು, ಕೆಸರಿನ ಕಣವನ್ನೂ ಸೂಕ್ಷ್ಮಜೀವಿಯನ್ನೂ ತಡೆಯುತ್ತವೆ, ಉಪ್ಪನ್ನು ಬಿಟ್ಟುಕೊಡುತ್ತವೆ. ಎಲ್ಲ ಮುಗಿದ ಮೇಲೆ ಆರ್.ಓ.

ಎರಡರ ನಡುವೆ ನ್ಯಾನೋ ಶೋಧನೆಯೆಂಬ ಇನ್ನೊಂದು ಬಗೆಯಿದೆ, ಅದು ನಮಗೆ ಬಹಳ ಹಿಡಿಸಿತು. ಅದರ ಪೊರೆ ಬಣ್ಣದ ಅಣುಗಳನ್ನೂ ಸಲ್ಫೇಟನ್ನೂ ತಡೆದು ಅಡುಗೆ ಉಪ್ಪನ್ನು ಬಹುಪಾಲು ದಾಟಿಸುತ್ತದೆ. ಆ ಉಪ್ಪುನೀರನ್ನು ಮತ್ತೆ ಬಣ್ಣದ ತೊಟ್ಟಿಗೇ ಬಳಸಬಹುದು. ಅರುಳ್‌ಪುರಂ ಘಟಕದಲ್ಲಿ ಶುದ್ಧಗೊಳಿಸಿದ ಉಪ್ಪುನೀರನ್ನು ಹೀಗೆ ಬಣ್ಣದ ಮನೆಗಳಿಗೆ ಮರಳಿಸುವ ಪದ್ಧತಿ ಬೆಳೆದುಬಂದಿದೆ. ಉಪ್ಪೂ ಉಳಿಯಿತು, ಅದನ್ನು ಬತ್ತಿಸುವ ಉರಿಯೂ ಉಳಿಯಿತು.

ಉಳಿದದ್ದು ಎಲ್ಲಿಗೆ?

ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವವರು ಒಮ್ಮೆ ಅದರ ಹಿಂಬದಿಗೆ ಹೋಗಿ ನೋಡಬೇಕು. ಅಲ್ಲಿ ಇನ್ನೊಂದು ಕೊಳವೆಯಿಂದ ಉಪ್ಪುನೀರು ಹೊರಬೀಳುತ್ತಿರುತ್ತದೆ. ಅದು ಅನೇಕ ಕಡೆ ಗಟಾರಕ್ಕೆ ಹೋಗುತ್ತದೆ. ಪೊರೆ ಉಪ್ಪನ್ನು ನಾಶಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಮಗನ ಮಾತಿನಲ್ಲಿ ಬಿಟ್ಟುಹೋದದ್ದು ಇದೇ.

ನೂರು ಕೊಡ ನೀರನ್ನು ಹಂತಹಂತವಾಗಿ ಪೊರೆಗಳ ಮೂಲಕ ಹಾಯಿಸಿ ತೊಂಬತ್ತು ಕೊಡ ಒಳ್ಳೆಯ ನೀರು ಪಡೆದೆವೆನ್ನೋಣ. ಉಳಿದ ಹತ್ತು ಕೊಡದಲ್ಲಿ ಹತ್ತು ಪಟ್ಟು ಸಾಂದ್ರವಾದ ಉಪ್ಪು, ಲೀಟರಿಗೆ ಸುಮಾರು 60 ಗ್ರಾಂ. ಸಾಂದ್ರತೆ ಏರಿದಂತೆ ಅದಕ್ಕೆದುರಾಗಿ ಒತ್ತಬೇಕಾದ ಬಲವೂ ಏರುತ್ತದೆ. ಅಡುಗೆ ಉಪ್ಪಿನ ಲೆಕ್ಕದಲ್ಲಿ 6 ಗ್ರಾಂ ಇದ್ದಾಗ ಮೀರಬೇಕಾದ ಒತ್ತಡ ಸುಮಾರು 50 ಮೀಟರು ಎತ್ತರದ ನೀರಿನ ಕಂಬದಷ್ಟು. 60 ಗ್ರಾಂ ಆದಾಗ ಸುಮಾರು 500 ಮೀಟರಿನಷ್ಟು. ಆದ್ದರಿಂದ ಒಂದು ಹಂತದಲ್ಲಿ ಪೊರೆ ಕೈಸೋಲುತ್ತದೆ.

ಅಲ್ಲಿಂದ ಮುಂದೆ ಬೆಂಕಿಯ ಕೆಲಸ. ಸಾವಿರ ಲೀಟರು ನೀರನ್ನು ಒಂದೇ ಸಲಕ್ಕೆ ಆವಿ ಮಾಡಲು ಆರುನೂರಕ್ಕೂ ಹೆಚ್ಚು ಯೂನಿಟ್ಟಿನಷ್ಟು ಶಾಖ ಬೇಕು. ಅಷ್ಟೇ ನೀರನ್ನು ಪೊರೆಯಲ್ಲಿ ಹಾಯಿಸಲು ಕೆಲವೇ ಯೂನಿಟ್ಟು ವಿದ್ಯುತ್ತು ಸಾಕು. ಒಂದು ಪಾತ್ರೆಯ ಆವಿಯಿಂದ ಇನ್ನೊಂದು ಪಾತ್ರೆಯನ್ನು ಕಾಯಿಸಿ ಶಾಖವನ್ನು ಉಳಿಸುತ್ತಾರೆಂಬುದು ನಿಜ, ಆದರೂ ಖರ್ಚು ಭಾರಿಯೇ. ಹೀಗೆ ಬತ್ತಿಸಿದ ದ್ರಾವಣವನ್ನು ತಣ್ಣಗೆ ಮಾಡಿದಾಗ, ಚಳಿಗೆ ತುಪ್ಪ ಹೆಪ್ಪುಗಟ್ಟುವಂತೆ ಗ್ಲಾಬರ್ ಉಪ್ಪು ಹರಳುಗಟ್ಟಿ ಬೇರೆಯಾಗುತ್ತದೆ. ಅದು ಮತ್ತೆ ಬಣ್ಣದ ಮನೆಗೆ ಹೋಗುತ್ತದೆ. ಕಟ್ಟಕಡೆಗೆ ಉಳಿಯುವುದು ಕಂದುಬಣ್ಣದ ಮಿಶ್ರ ಉಪ್ಪು. ಅದನ್ನು ಕೊಳ್ಳುವವರಿಲ್ಲ, ಎಸೆಯುವಂತೆಯೂ ಇಲ್ಲ. ಚೀಲಗಳಲ್ಲಿ ಕಟ್ಟಿ ತಗಡಿನ ಮಾಡಿನ ಕೆಳಗೆ ಒಟ್ಟಿರುವುದನ್ನು ನಾವು ಕಂಡೆವು. ಮಳೆ ತಾಗಿದರೆ ಅದು ಮತ್ತೆ ನದಿಯ ದಾರಿಯನ್ನೇ ಹಿಡಿದೀತು. “ಅಯ್ಯಾ, ನೀರಿನ ಲೆಕ್ಕ ಬಗೆಹರಿಯಿತು, ಈ ಚೀಲಗಳ ಲೆಕ್ಕ ಇನ್ನೂ ಬಗೆಹರಿದಿಲ್ಲ” ಎಂದರು ಆ ಇಂಜಿನಿಯರು. ಪ್ರಾಮಾಣಿಕವಾದ ಮಾತು. ಶುದ್ಧವಾದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ತೋರಿಸುವವರು ಬಹಳ. ಚೀಲಗಳ ಬಳಿಗೆ ಕರೆದೊಯ್ಯುವವರು ವಿರಳ.

ಇದೆಲ್ಲವೂ ನಡೆದದ್ದು ನೂರಾರು ಕಾರ್ಖಾನೆಗಳು ಒಟ್ಟಾಗಿ ಭಾರ ಹೊತ್ತಿದ್ದರಿಂದ, ನ್ಯಾಯಾಲಯ ಬೆನ್ನುಹತ್ತಿದ್ದರಿಂದ, ತಮಿಳುನಾಡು ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಟ್ಟಿದ್ದರಿಂದ. ಮೂರೆಕರೆಯಲ್ಲಿ ನಿಲ್ಲುವ ಒಂಟಿ ಕಾರ್ಖಾನೆಗೆ ಇದು ಸಾಧ್ಯವೇ ಇಲ್ಲವೆಂದು ನಾವು ಹೇಳಲಾರೆವು. ಪೊರೆಯನ್ನು ತರುವುದು ಸುಲಭ. ಆಮ್ಲ ಕ್ಷಾರಗಳಿಂದ ಆಗಾಗ ತೊಳೆದು, ಕೆಲವು ವರ್ಷಗಳಿಗೊಮ್ಮೆ ಬದಲಿಸಿ, ರಾತ್ರಿ ಹಗಲು ನಡೆಸುವುದು ಕಷ್ಟ. ರಾತ್ರಿಯ ಪಾಳಿಯಲ್ಲಿ ಯಂತ್ರ ನಿಲ್ಲಿಸಿ ಕೊಳವೆ ತೆರೆದರೆ ಕೇಳುವವರು ಯಾರು?

ಊರಿಗೆ ಮರಳಿ ಆ ಮನೆಗೆ ಹೀಗೆ ಕಾಗದ ಬರೆದೆವು. ಬಣ್ಣ ಹೋಗುವುದೇ ಎಂದು ಕೇಳಬೇಡಿರಿ, ಉಪ್ಪು ಎಲ್ಲಿಗೆ ಹೋಗುವುದೆಂದು ಕೇಳಿರಿ. ಆರ್.ಓ. ಇದೆಯೇ ಎಂದು ಕೇಳಿ ಸುಮ್ಮನಾಗದೆ, ಅದರಿಂದ ಉಳಿದ ನೀರನ್ನು ಬತ್ತಿಸುವ ಯಂತ್ರವಿದೆಯೇ, ಬತ್ತಿಸಿದ ಉಪ್ಪಿಗೆ ಮಾಡು ಕಟ್ಟುವರೇ, ಹತ್ತು ವರ್ಷದ ಮೇಲೆ ಆ ಚೀಲಗಳನ್ನು ಒಯ್ಯುವವರು ಯಾರೆಂಬುದನ್ನು ಗುತ್ತಿಗೆಯ ಕಾಗದದಲ್ಲಿಯೇ ಬರೆಸಿರಿ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರವನ್ನು ಕಣ್ಣಾರೆ ಕಾಣದೆ ಸಹಿ ಹಾಕಬೇಡಿರಿ. ಎಲ್ಲಕ್ಕಿಂತ ಮೊದಲು ನಿಮ್ಮ ಬಾವಿಯ ನೀರನ್ನು ಈಗಲೇ ಪರೀಕ್ಷೆ ಮಾಡಿಸಿ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ಮುಂದೆ ಕೆಟ್ಟಿತೆಂದು ಹೇಳಬೇಕಾಗಿ ಬಂದರೆ ಹಿಂದೆ ಹೇಗಿತ್ತೆಂಬುದಕ್ಕೆ ಸಾಕ್ಷಿ ಬೇಕಾಗುತ್ತದೆ.

ಯುಗಾದಿ ಕಳೆದ ಮೇಲೆ ಮಗನು ಒಬ್ಬನೇ ಬಂದಿದ್ದನು. ಉಪ್ಪಿನ ಮಾತು ತೆಗೆದಾಗ ನಗರದವರು “ಅದನ್ನು ಆಮೇಲೆ ನೋಡೋಣ” ಎಂದರಂತೆ. ಗುತ್ತಿಗೆ ಇನ್ನೂ ಆಗಿಲ್ಲ, ಮುರಿದೂ ಇಲ್ಲ. ತಂಗಿಯ ಮದುವೆ ವೈಶಾಖಕ್ಕೆ ಗೊತ್ತಾಗಿದೆ, ಹಣ ಹೊಂದಿಸಬೇಕು. ತಾಳವಾಡಿಯ ಆ ಗೃಹಸ್ಥರ ವಿಳಾಸವನ್ನು ನಮ್ಮಿಂದ ಬರೆದುಕೊಂಡನು. ತಿರುಪ್ಪೂರಿಗೆ ಹೋಗಿ ಚೀಲಗಳನ್ನು ತಾನೇ ಕಾಣಬೇಕಂತೆ. ಬಾವಿಯ ನೀರನ್ನು ಎರಡು ಶೀಶೆಗಳಲ್ಲಿ ತುಂಬಿ ತಂದೆ ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟುಬಂದಿದ್ದಾರೆ. ವರದಿ ಇನ್ನೂ ಬಂದಿಲ್ಲ.